ಮ್ಯಾನ್ಮಾರ್ ಸೇನೆಯ ವಿರುದ್ಧ ಥಾಯ್ಲೆಂಡ್ ಜನ ಯಾಕೆ ಬೀದಿಗಿಳಿಯಬೇಕು?

ಮ್ಯಾನ್ಮಾರ್‌ನಲ್ಲಿ ಸೇನೆ ಒಂದು ಚುನಾವಣೆ ನಡೆಸಿ ಮುಗಿಸಿದೆ. 2025ರ ಡಿಸೆಂಬರ್ 28ಕ್ಕೆ ಶುರುವಾದ ಮತದಾನ ಮೂರು ಹಂತಗಳಲ್ಲಿ ನಡೆದು 2026ರ ಜನವರಿಯಲ್ಲಿ ಮುಗಿಯಿತು. ಸೇನೆಯ ಬೆಂಬಲವಿರುವ ಯುಎಸ್‌ಡಿಪಿ ಪಕ್ಷ ಗೆದ್ದಿತು. 2020ರಲ್ಲಿ ಭಾರಿ ಬಹುಮತ ಪಡೆದಿದ್ದ ಆಂಗ್ ಸಾನ್ ಸೂ ಕಿ ಅವರ ಎನ್‌ಎಲ್‌ಡಿ ಪಕ್ಷ ಕಣದಲ್ಲೇ ಇರಲಿಲ್ಲ. ಅದನ್ನು 2023ರಲ್ಲೇ ರದ್ದು ಮಾಡಲಾಗಿತ್ತು. ಚುನಾವಣೆಯನ್ನು ಟೀಕಿಸಿದವರಿಗೆ ಕನಿಷ್ಠ 3 ವರ್ಷ ಜೈಲು ಎಂಬ ಕಾನೂನನ್ನೂ ಸೇನೆ ಮೊದಲೇ ತಂದಿಟ್ಟಿತ್ತು.

ಒಳಗೆ ಬಾಯಿ ಬಿಡುವಂತಿಲ್ಲ ಎಂದಾಗ ಪ್ರತಿಭಟನೆ ಗಡಿ ದಾಟುತ್ತದೆ. ಬ್ಯಾಂಕಾಕ್, ಟೋಕಿಯೊ, ಸೋಲ್‌ನಂಥ ನಗರಗಳಲ್ಲಿ 2021ರಿಂದ ಆಗಿರುವುದು ಇದೇ. ಆದರೆ ಆ ಗುಂಪುಗಳ ಫೋಟೋ ನೋಡಿದರೆ ಅಲ್ಲಿ ಬರೀ ಮ್ಯಾನ್ಮಾರ್‌ನವರು ಮಾತ್ರ ಇರುವುದಿಲ್ಲ. ಥಾಯ್ ವಿದ್ಯಾರ್ಥಿಗಳು, ಜಪಾನಿನ ವಕೀಲರು, ಕೊರಿಯಾದ ಕಾರ್ಮಿಕ ಸಂಘದವರೂ ಸೇನಾಡಳಿತದ ವಿರೋಧದ ಗುರುತಾಗಿ ಮೂರು ಬೆರಳು ಎತ್ತಿ ನಿಂತಿರುತ್ತಾರೆ. ಓದುಗರಿಗೆ ಗೊಂದಲ ಆಗುವುದು ಇಲ್ಲೇ. ಇವರಿಗೂ ಆ ದೇಶಕ್ಕೂ ಏನು ಸಂಬಂಧ? ಇವರು ಸೇರಿದರೆ ಅಲ್ಲಿನವರಿಗೆ ಬಲ ಬರುತ್ತದಾ, ತೊಂದರೆ ಜಾಸ್ತಿ ಆಗುತ್ತದಾ?

ಮೊದಲ ದಿನವೇ ಸೇರಿದವರು

2021ರ ಫೆಬ್ರವರಿ 1ರ ಬೆಳಗ್ಗೆ ಸೇನಾ ಮುಖ್ಯಸ್ಥ ಮಿನ್ ಆಂಗ್ ಲೈಂಗ್ ಅಧಿಕಾರ ಕಿತ್ತುಕೊಂಡರು. ಅದೇ ದಿನ ಬ್ಯಾಂಕಾಕ್‌ನ ಸಾಥೋನ್ ರಸ್ತೆಯಲ್ಲಿರುವ ಮ್ಯಾನ್ಮಾರ್ ರಾಯಭಾರ ಕಚೇರಿಯ ಮುಂದೆ ಜನ ಸೇರಿದರು. ಸೂ ಕಿ ಅವರ ಫೋಟೋ ಹಿಡಿದ ವಲಸೆ ಕಾರ್ಮಿಕರ ಜೊತೆ ಥಾಯ್ ಹೋರಾಟಗಾರರೂ ಇದ್ದರು. ಪೊಲೀಸರು ಗುಂಪನ್ನು ಚದುರಿಸಿದರು, ಕೆಲವರನ್ನು ಬಂಧಿಸಿದರು. ಕಾರಣ ಕೋವಿಡ್ ತುರ್ತು ಆದೇಶ.

ಥಾಯ್ ಯುವಕರು ಅಷ್ಟು ಬೇಗ ಬಂದಿದ್ದು ಸುಮ್ನೆ ಅಲ್ಲ. ಅವರ ದೇಶದಲ್ಲೂ 2014ರ ಮೇ 22ರಂದು ಸೇನೆ ದಂಗೆ ಎದ್ದು ಸರ್ಕಾರ ಕಿತ್ತೊಗೆದಿತ್ತು. ಆ ದಂಗೆಯ ನಾಯಕ ಪ್ರಯುತ್ ಚಾನ್ ಓಚಾ 2021ರಲ್ಲೂ ಪ್ರಧಾನಿಯಾಗಿದ್ದರು. ಮೂರು ಬೆರಳಿನ ಸಂಕೇತ ಥಾಯ್ ಬೀದಿಗಳಲ್ಲಿ ಕಾಣಿಸಿಕೊಂಡಿದ್ದೇ 2014ರ ಆ ದಂಗೆಯ ನಂತರ. ಅದನ್ನು ಮ್ಯಾನ್ಮಾರ್‌ನವರು 2021ರಲ್ಲಿ ತಮ್ಮದಾಗಿಸಿಕೊಂಡರು. ಎರಡೂ ದೇಶದ ಜನರಲ್‌ಗಳ ನಡುವೆ ಒಳ್ಳೆ ಒಡನಾಟವಿತ್ತು. ದಂಗೆಯಾದ ಕೆಲವೇ ದಿನಕ್ಕೆ ಮಿನ್ ಆಂಗ್ ಲೈಂಗ್ ಪ್ರಯುತ್ ಅವರಿಗೇ ಪತ್ರ ಬರೆದು, ಪ್ರಜಾಪ್ರಭುತ್ವ ಕಟ್ಟಲು ನೆರವು ಕೊಡಿ ಎಂದು ಕೇಳಿದ್ದರು. ಹಾಗಾಗಿ ಬ್ಯಾಂಕಾಕ್‌ನ ವಿದ್ಯಾರ್ಥಿಗೆ ಆ ರಾಯಭಾರ ಕಚೇರಿಯ ಮುಂದೆ ನಿಲ್ಲುವುದು ಪಕ್ಕದ ಮನೆಯ ಜಗಳದಲ್ಲಿ ಮೂಗು ತೂರಿಸಿದ ಹಾಗೆ ಅನ್ನಿಸಲಿಲ್ಲ.

ಅಷ್ಟರಲ್ಲಿ ಆನ್‌ಲೈನ್‌ನಲ್ಲಿ ಒಂದು ಬಳಗವೂ ತಯಾರಾಗಿತ್ತು. 2020ರಲ್ಲಿ ಥಾಯ್ಲೆಂಡ್, ಹಾಂಗ್‌ಕಾಂಗ್, ತೈವಾನ್ ಯುವಜನ ಟ್ವಿಟರ್ ಜಗಳವೊಂದರಲ್ಲಿ ಒಂದಾಗಿ ತಮ್ಮನ್ನು 'ಮಿಲ್ಕ್ ಟೀ ಅಲಯನ್ಸ್' ಎಂದು ಕರೆದುಕೊಂಡಿದ್ದರು. ಮ್ಯಾನ್ಮಾರ್ ಯುವಕರು ಅದಕ್ಕೆ ಸೇರಿಕೊಂಡರು. 2021ರ ಫೆಬ್ರವರಿ 28ರಂದು ಏಷ್ಯಾದ ಹಲವು ನಗರಗಳಲ್ಲಿ ಒಟ್ಟಿಗೆ ಪ್ರತಿಭಟನೆ ನಡೆಯಿತು.

ಕೊರಿಯಾದ್ದು ಇನ್ನೊಂದು ಕಥೆ. 1980ರ ಮೇ ತಿಂಗಳಲ್ಲಿ ಗ್ವಾಂಗ್‌ಜು ನಗರದಲ್ಲಿ ಅವರದೇ ಸೇನೆ ಅವರ ಮೇಲೆ ಗುಂಡು ಹಾರಿಸಿತ್ತು. ಮ್ಯಾನ್ಮಾರ್‌ನ ಯಾಂಗೋನ್ ನಗರದಲ್ಲಿ ಸೇನೆ ಗುಂಡು ಹಾರಿಸಿದ ವಿಡಿಯೊ ನೋಡಿದ ಗ್ವಾಂಗ್‌ಜು ಜನರಿಗೆ ಯಾರೂ ಏನೂ ವಿವರಿಸಬೇಕಾಗಿರಲಿಲ್ಲ. 2021ರ ಮಾರ್ಚ್‌ನಲ್ಲೇ ಕೊರಿಯಾ ಸರ್ಕಾರ ಮ್ಯಾನ್ಮಾರ್ ಜೊತೆಗಿನ ರಕ್ಷಣಾ ವಿನಿಮಯವನ್ನೂ ಶಸ್ತ್ರ ರಫ್ತನ್ನೂ ನಿಲ್ಲಿಸಿತು.

'ಬೇಡ' ಎನ್ನುವವರ ವಾದ

ಬೇಡ ಎನ್ನುವವರೆಲ್ಲ ಸೇನೆಯ ಪರ ಅಲ್ಲ. ಅವರ ವಾದದಲ್ಲೂ ತೂಕವಿದೆ.

ಮೊದಲನೆಯದು ಆಗ್ನೇಯ ಏಷ್ಯಾ ದೇಶಗಳ ಕೂಟವಾದ ಆಸಿಯಾನ್‌ನ ಹಳೇ ನೀತಿ: ಒಬ್ಬರ ಒಳ ವಿಷಯದಲ್ಲಿ ಇನ್ನೊಬ್ಬರು ಕೈ ಹಾಕಬಾರದು. ವಸಾಹತು ಆಳ್ವಿಕೆಯಿಂದ ಹೊರಬಂದ ದೇಶಗಳಿಗೆ ಈ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಆದರೆ ಇದು ಸರ್ಕಾರಗಳಿಗೆ ಹಾಕಿದ ಬೇಲಿ, ಜನರಿಗೆ ಹಾಕಿದ್ದಲ್ಲ. ಸರ್ಕಾರಗಳ ಮಟ್ಟದಲ್ಲೂ ಅದು ಪೂರ್ತಿ ನಿಂತಿಲ್ಲ. ರೋಹಿಂಗ್ಯಾ ಜನರ ಮೇಲಿನ ದಾಳಿಯ ವಿಚಾರದಲ್ಲಿ ಪಶ್ಚಿಮ ಆಫ್ರಿಕಾದ ಪುಟ್ಟ ದೇಶ ಗ್ಯಾಂಬಿಯಾ 2019ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. 'ನಿಮಗೆ ಇದರಿಂದ ಏನೂ ನಷ್ಟ ಆಗಿಲ್ಲ, ಕೇಸು ಹಾಕಲು ನೀವು ಯಾರು' ಎಂದು ಮ್ಯಾನ್ಮಾರ್ ವಾದಿಸಿತು. 2022ರ ಜುಲೈ 22ರಂದು ನ್ಯಾಯಾಲಯ ಆ ಆಕ್ಷೇಪವನ್ನು ತಳ್ಳಿಹಾಕಿತು. ಜನಾಂಗ ಹತ್ಯೆ ತಡೆಯುವ ಒಪ್ಪಂದಕ್ಕೆ ಸಹಿ ಹಾಕಿದ ಯಾವ ದೇಶವೂ ಕೇಳಬಹುದು ಎಂಬುದು ಅದರ ನಿಲುವು. 'ನಿಮಗೇನು ಸಂಬಂಧ' ಎಂಬ ಪ್ರಶ್ನೆಗೆ ಕಾನೂನಿನ ಕಡೆಯಿಂದ ಸಿಕ್ಕ ಅತಿ ನೇರವಾದ ಉತ್ತರ ಇದು.

ಎರಡನೆಯದು 'ವಿದೇಶಿ ಕೈವಾಡ'ದ ಭಯ. ಹೊರಗಿನ ಮುಖ ಕಂಡರೆ ಸೇನೆಗೆ ಒಳ್ಳೆ ನೆಪ ಸಿಗುತ್ತದೆ, ಚಳವಳಿಗೆ ದೇಶದ್ರೋಹದ ಬಣ್ಣ ಬಳಿಯುತ್ತಾರೆ ಎಂಬುದು ಈ ವಾದ. ಕೇಳಲು ಸರಿ ಎನಿಸುತ್ತದೆ. ಆದರೆ ಇತಿಹಾಸ ನೋಡಿ. 2007ರಲ್ಲಿ ಬೌದ್ಧ ಭಿಕ್ಷುಗಳು ಬೀದಿಗೆ ಬಂದಾಗ ಸೇನೆ ಬೈದಿದ್ದು ವಿದೇಶಿ ರೇಡಿಯೊಗಳನ್ನು. 2021ರಲ್ಲಿ ಜನ ರಾತ್ರಿ 8 ಗಂಟೆಗೆ ಮನೆ ಬಾಲ್ಕನಿಯಲ್ಲಿ ನಿಂತು ಪಾತ್ರೆ ಬಡಿದರು. ಕೆಟ್ಟ ಶಕ್ತಿಗಳನ್ನು ಓಡಿಸಲು ಅಲ್ಲಿನವರು ಹಿಂದಿನಿಂದಲೂ ಮಾಡುತ್ತಾ ಬಂದ ಆಚರಣೆ ಅದು. ಅದಕ್ಕಿಂತ ದೇಸಿ ಪ್ರತಿಭಟನೆ ಇನ್ನೊಂದಿಲ್ಲ. ಆಗಲೂ ಸೇನೆ ಮೆತ್ತಗಾಗಲಿಲ್ಲ. ಹೊರಗಿನವರು ಇರಲಿ, ಇಲ್ಲದಿರಲಿ, ಸೇನೆ ನೆಪ ಹುಡುಕಿಕೊಳ್ಳುತ್ತದೆ. ಆದ್ದರಿಂದ ಈ ಭಯಕ್ಕೆ ಹೊರಗಿನವರು ಬಾಯಿ ಮುಚ್ಚಿಕೊಂಡು ಕೂರಬೇಕಾಗಿಲ್ಲ.

ಮೂರನೆಯದು ನಿಜವಾಗಿ ನೋಯಿಸುವಂಥದ್ದು. ಹೊರಗಿನವರ ಬೆಂಬಲ ಒಳಗಿನವರಲ್ಲಿ ಸುಳ್ಳು ಆಸೆ ಹುಟ್ಟಿಸಬಹುದು. 2021ರ ಫೆಬ್ರವರಿ, ಮಾರ್ಚ್‌ನಲ್ಲಿ ಯಾಂಗೋನ್ ಬೀದಿಗಳಲ್ಲಿ ಜನ ಹಿಡಿದಿದ್ದ ಫಲಕಗಳಲ್ಲಿ ಬಹಳಷ್ಟು ಇಂಗ್ಲಿಷ್‌ನಲ್ಲಿದ್ದವು. ವಿಶ್ವಸಂಸ್ಥೆ ಬಂದು ನಮ್ಮನ್ನು ಕಾಪಾಡಬೇಕು ಎಂಬುದು ಅವುಗಳ ಸಾರ. ವಿಶ್ವಸಂಸ್ಥೆ ಕ್ರಮ ತೆಗೆದುಕೊಳ್ಳಲು ಇನ್ನೆಷ್ಟು ಹೆಣ ಬೇಕು ಎಂದು ಯಾಂಗೋನ್‌ನ ಒಬ್ಬ ಯುವ ಇಂಜಿನಿಯರ್ ಫೇಸ್‌ಬುಕ್‌ನಲ್ಲಿ ಬರೆದಿದ್ದ. ಫೆಬ್ರವರಿ 28ರಂದು ಅವನೇ ಗುಂಡಿಗೆ ಬಲಿಯಾದ. ಯಾರೂ ಬರಲಿಲ್ಲ. ಸತ್ತವರ ಲೆಕ್ಕ ಇಡುವ ಎಎಪಿಪಿ ಸಂಸ್ಥೆಯ ಪಟ್ಟಿ ಈಗ 7 ಸಾವಿರ ದಾಟಿದೆ. 'ನಾವು ನಿಮ್ಮ ಜೊತೆ ಇದ್ದೇವೆ' ಎಂದು ಬ್ಯಾನರ್ ಬರೆಯುವವರು ಇದನ್ನು ನೆನಪಿಡಬೇಕು. ಜೊತೆ ಇದ್ದೇವೆ ಅಂದರೆ ಏನು ಮಾಡುತ್ತೇವೆ ಎಂದು ಬಿಡಿಸಿ ಹೇಳದಿದ್ದರೆ, ಗುಂಡಿನ ಮುಂದೆ ನಿಂತವರು ಅದಕ್ಕೆ ತಮ್ಮದೇ ಅರ್ಥ ಕಟ್ಟಿಕೊಳ್ಳುತ್ತಾರೆ.

ಬೀದಿಯಲ್ಲಿ ಎಲ್ಲರೂ ಒಂದೇ ಅಲ್ಲ

'ವಿದೇಶಿಯರು ಸೇರಬೇಕಾ' ಎಂದು ಕೇಳುವಾಗ ನಾವು ಮೂರು ಬೇರೆ ಬೇರೆ ಜನರನ್ನು ಒಂದೇ ಚೀಲಕ್ಕೆ ತುಂಬುತ್ತೇವೆ. ರಾಯಭಾರ ಕಚೇರಿಯ ಮುಂದೆ ಅಕ್ಕಪಕ್ಕ ನಿಂತವರಿಗೆ ಆಗಬಹುದಾದ ನಷ್ಟ ಒಂದೇ ರೀತಿಯದ್ದಲ್ಲ.

ಹೆಚ್ಚು ಕಳೆದುಕೊಳ್ಳುವವನು ಮ್ಯಾನ್ಮಾರ್‌ನ ವಲಸೆ ಕಾರ್ಮಿಕ. ಥಾಯ್ಲೆಂಡ್‌ನಲ್ಲಿ ಅಂಥವರು ಲಕ್ಷಗಟ್ಟಲೆ ಇದ್ದಾರೆ. ಪಾಸ್‌ಪೋರ್ಟ್ ನವೀಕರಿಸಲು ಅವನು ಹೋಗಬೇಕಾದ್ದು ಅದೇ ರಾಯಭಾರ ಕಚೇರಿಗೆ. ಪಾಸ್‌ಪೋರ್ಟ್ ಇಲ್ಲದಿದ್ದರೆ ಕೆಲಸದ ಪರವಾನಗಿ ಇಲ್ಲ. ಪರವಾನಗಿ ಇಲ್ಲದಿದ್ದರೆ ವಾಪಸ್ ಕಳಿಸುತ್ತಾರೆ. ವಾಪಸ್ ಹೋದರೆ 2024ರ ಫೆಬ್ರವರಿಯಿಂದ ಕಡ್ಡಾಯ ಸೇನಾ ಸೇವೆ ಕಾದಿದೆ: ಗಂಡಸರಿಗೆ 18ರಿಂದ 35, ಹೆಂಗಸರಿಗೆ 18ರಿಂದ 27 ವಯಸ್ಸು. ಊರಲ್ಲಿ ಮನೆಯವರೂ ಇದ್ದಾರೆ, ವಿರೋಧಿಗಳ ಮನೆಗೆ ಬೀಗ ಜಡಿಯುವುದು ಸೇನೆಗೆ ಹೊಸದಲ್ಲ. 2023ರಿಂದ ಹೊರದೇಶದಲ್ಲಿ ದುಡಿಯುವವರು ಸಂಬಳದ ಕಾಲು ಭಾಗವನ್ನು ಅಧಿಕೃತ ಬ್ಯಾಂಕ್ ಮೂಲಕವೇ ಕಳಿಸಬೇಕು ಎಂಬ ನಿಯಮವೂ ಬಂತು. ಅಂದರೆ ಅವನು ಯಾವ ಸೇನೆಯನ್ನು ವಿರೋಧಿಸುತ್ತಾನೋ ಅದರ ಹಿಡಿತ ಬ್ಯಾಂಕಾಕ್‌ನಲ್ಲೂ ಅವನ ಜೇಬಿನ ಮೇಲಿದೆ.

ಮಧ್ಯದಲ್ಲಿ ಮೂರನೇ ದೇಶದವನು ಇದ್ದಾನೆ. ವೀಸಾ ಮೇಲೆ ದುಡಿಯುವ ಫಿಲಿಪ್ಪೀನ್ಸ್‌ನವಳು, ಭಾರತದವನು. ಇಲ್ಲಿ ದೇಶದಿಂದ ದೇಶಕ್ಕೆ ನಿಯಮ ಬೇರೆ. ಸಿಂಗಪುರ ಪೊಲೀಸರು 2021ರ ಫೆಬ್ರವರಿ ಮೊದಲ ವಾರದಲ್ಲೇ ಎಚ್ಚರಿಕೆ ಕೊಟ್ಟರು: ಬೇರೆ ದೇಶದ ರಾಜಕೀಯವನ್ನು ಇಲ್ಲಿಗೆ ತರಬೇಡಿ, ಪರವಾನಗಿ ಇಲ್ಲದೆ ಸೇರಿದರೆ ವೀಸಾ ಹೋಗಬಹುದು. ಕೆಲವೇ ದಿನಕ್ಕೆ ಮ್ಯಾನ್ಮಾರ್ ರಾಯಭಾರ ಕಚೇರಿಯ ಹೊರಗೆ ನಿಂತ ಮೂವರು ವಿದೇಶಿಯರ ಮೇಲೆ ತನಿಖೆ ಶುರುವಾಯಿತು.

ಭಾರತದಲ್ಲೂ ಸಂವಿಧಾನದ 19ನೇ ವಿಧಿಯ ಮಾತಿನ ಹಕ್ಕು, ಸಭೆ ಸೇರುವ ಹಕ್ಕು ನಾಗರಿಕರಿಗೆ ಮಾತ್ರ. 14 ಮತ್ತು 21ನೇ ವಿಧಿ ಎಲ್ಲರಿಗೂ ಅನ್ವಯ. ಸಿಎಎ ವಿರೋಧಿ ಪ್ರತಿಭಟನೆಯಲ್ಲಿ ಕಾಣಿಸಿಕೊಂಡ ಕೆಲವು ವಿದೇಶಿಯರಿಗೆ 2019ರ ಕೊನೆ ಮತ್ತು 2020ರಲ್ಲಿ ದೇಶ ಬಿಡಲು ಹೇಳಲಾಯಿತು. ಅವರಲ್ಲಿ ಪೋಲೆಂಡ್‌ನ ಒಬ್ಬ ವಿದ್ಯಾರ್ಥಿ ಕೋರ್ಟಿಗೆ ಹೋದಾಗ ಕಲ್ಕತ್ತಾ ಹೈಕೋರ್ಟ್ 2020ರ ಮಾರ್ಚ್‌ನಲ್ಲಿ ಆ ಆದೇಶವನ್ನು ರದ್ದು ಮಾಡಿತು. ಆದರೆ ಅದು ಆತಿಥೇಯ ದೇಶದ ಸರ್ಕಾರದ ನೀತಿಯ ವಿರುದ್ಧದ ಪ್ರತಿಭಟನೆ. ಇಲ್ಲಿ ಮಾತಾಡುತ್ತಿರುವುದು ಆತಿಥೇಯ ದೇಶದ ನೆಲದಲ್ಲಿ ನಿಂತು ಮೂರನೇ ಸರ್ಕಾರವನ್ನು ಪ್ರಶ್ನಿಸುವ ವಿಷಯ. ಎರಡನ್ನೂ ಕಲಸಬಾರದು.

ಕೊನೆಯವನು ಆ ದೇಶದ ನಾಗರಿಕ. ಥಾಯ್ ವಿದ್ಯಾರ್ಥಿಯನ್ನು ಬಂಧಿಸಬಹುದು, ದಂಡ ಹಾಕಬಹುದು. ಗಡಿ ಆಚೆ ತಳ್ಳಲಾಗುವುದಿಲ್ಲ. ಹಾಗಾದರೆ ಮುಂದಿನ ಸಾಲಿನಲ್ಲಿ ಯಾರು ನಿಲ್ಲಬೇಕು? ಕಳೆದುಕೊಳ್ಳುವುದು ಕಡಿಮೆ ಇರುವವನು ತಾನೆ? ಮುಖ ತೋರಿಸಲು, ಪೊಲೀಸ್ ಅನುಮತಿಗೆ ಹೆಸರು ಕೊಡಲು, ಕ್ಯಾಮೆರಾ ಮುಂದೆ ನಿಲ್ಲಲು ಸ್ಥಳೀಯರು ಬೇಕು. ಏನು ಹೇಳಬೇಕು ಎಂದು ತೀರ್ಮಾನಿಸುವುದು ಮಾತ್ರ ಒಳಗಿನವರ ಕೈಯಲ್ಲಿರಬೇಕು. ಈ ಎರಡು ಕೆಲಸ ಅದಲುಬದಲಾದಾಗಲೇ ಅನಾಹುತ ಆಗುವುದು. ಥಾಯ್ ಯುವಕರು ತಮ್ಮ ಸರ್ಕಾರದ ವಿರುದ್ಧದ ಘೋಷಣೆಯನ್ನೂ ಅದೇ ಗುಂಪಿನಲ್ಲಿ ಕೂಗಿದರೆ ಪೊಲೀಸರು ಲಾಠಿ ಎತ್ತುತ್ತಾರೆ. ಆಗ ಪಕ್ಕದಲ್ಲಿದ್ದ ಕಾರ್ಮಿಕನ ದಾಖಲೆಯನ್ನೂ ಕೇಳುತ್ತಾರೆ.

ಇದು ಬರೀ ಊಹೆಯ ಭಯ ಅಲ್ಲ. 2021ರ ಫೆಬ್ರವರಿ 23ರಂದು ಮಲೇಷ್ಯಾ 1,086 ಮ್ಯಾನ್ಮಾರ್ ಪ್ರಜೆಗಳನ್ನು ಮ್ಯಾನ್ಮಾರ್ ನೌಕಾಪಡೆಯ ಹಡಗುಗಳಿಗೆ ಹತ್ತಿಸಿ ಕಳಿಸಿತು. ಅವರನ್ನು ಕಳಿಸಬೇಡಿ ಎಂದು ಕೌಲಾಲಂಪುರ ಹೈಕೋರ್ಟ್ ತಡೆಯಾಜ್ಞೆ ಕೊಟ್ಟ ದಿನವೇ ಅದು.

ಗಡಿ ದಾಟಿ ಹೋಗಿ ಪ್ರತಿಭಟಿಸಿದವರು

ಕೆಲವರು ಇನ್ನೂ ಮುಂದೆ ಹೋದರು. 1988ರ ಆಗಸ್ಟ್ 8ರಂದು ಮ್ಯಾನ್ಮಾರ್ ಜನ ಸೇನಾಡಳಿತದ ವಿರುದ್ಧ ಎದ್ದಿದ್ದಕ್ಕೆ ಹತ್ತು ವರ್ಷ ತುಂಬಿದಾಗ, ಅಂದರೆ 1998ರ ಆಗಸ್ಟ್‌ನಲ್ಲಿ, ಆರು ದೇಶಗಳ 18 ಮಂದಿ ಪ್ರವಾಸಿಗರಂತೆ ಯಾಂಗೋನ್‌ಗೆ ಹೋಗಿ ವಿಸಿಟಿಂಗ್ ಕಾರ್ಡ್ ಗಾತ್ರದ ಚೀಟಿ ಹಂಚಿದರು. ನಾವು ನಿಮ್ಮನ್ನು ಮರೆತಿಲ್ಲ ಎಂಬುದು ಅದರಲ್ಲಿದ್ದ ಸಂದೇಶ. ಅಮೆರಿಕ, ಆಸ್ಟ್ರೇಲಿಯಾದವರ ಜೊತೆ ಥಾಯ್ಲೆಂಡ್, ಮಲೇಷ್ಯಾ, ಇಂಡೊನೇಷ್ಯಾ, ಫಿಲಿಪ್ಪೀನ್ಸ್‌ನವರೂ ಇದ್ದರು. ಕೋರ್ಟ್ 5 ವರ್ಷ ಶಿಕ್ಷೆ ಕೊಟ್ಟು, ಆ ಕೂಡಲೇ ಗಡಿಪಾರು ಮಾಡಿತು.

ಪ್ರಪಂಚದ ಪತ್ರಿಕೆಗಳಲ್ಲಿ ಸುದ್ದಿ ಬಂತು, ನಿಜ. ಆದರೆ ಅದೇ ಚೀಟಿಯನ್ನು ಹಂಚಿದ ಸ್ಥಳೀಯನಿಗೆ ಗಡಿಪಾರಿನ ಅನುಕೂಲ ಇರಲಿಲ್ಲ. ಆ 18 ಮಂದಿ ತಮ್ಮ ತಮ್ಮ ಮನೆ ಸೇರಿದರು. ಅಂಥ ಚೀಟಿ ಇಟ್ಟುಕೊಂಡು ಸಿಕ್ಕಿಬಿದ್ದ ಬರ್ಮಾದ ಹುಡುಗ ಸೇರುವುದು ಇನ್‌ಸೈನ್ ಜೈಲನ್ನು. ಧೈರ್ಯಕ್ಕೆ ಮೆಚ್ಚುಗೆ ಇರಲಿ, ಆದರೆ ಒಳಗೆ ಹೋಗಿ ಮಾಡುವ ಪ್ರತಿಭಟನೆಯ ಲೆಕ್ಕವನ್ನು ತೀರಿಸಬೇಕಾದವರು ಬೇರೆ ಯಾರೋ. ಈಗಂತೂ ಅದು ಇನ್ನೂ ಕಷ್ಟ. 2022ರ ಜುಲೈನಲ್ಲಿ ಯಾಂಗೋನ್‌ನಲ್ಲಿ ಪ್ರತಿಭಟನೆ ಚಿತ್ರೀಕರಿಸಿದ ಜಪಾನಿನ ಸಾಕ್ಷ್ಯಚಿತ್ರಕಾರ ತೋರು ಕುಬೋಟಾ ಅವರಿಗೆ ಒಟ್ಟು 10 ವರ್ಷ ಶಿಕ್ಷೆಯಾಯಿತು. ನವೆಂಬರ್‌ನಲ್ಲಿ ಬಿಡುಗಡೆ ಸಿಕ್ಕಿತು.

ಒತ್ತಡ ಎಲ್ಲಿ ಕೆಲಸ ಮಾಡಿತು?

ರಾಯಭಾರ ಕಚೇರಿಯ ಗೇಟಿನ ಮುಂದೆ ಕೂಗಿದ್ದರಿಂದ ಯಾವ ಜನರಲ್ಲೂ ಕೆಳಗಿಳಿದಿಲ್ಲ. ಆದರೆ ಅದೇ ಜನ ತಮ್ಮ ಸರ್ಕಾರ ಮತ್ತು ತಮ್ಮ ಕಂಪನಿಗಳ ಕಡೆ ತಿರುಗಿದಾಗ ಏನೋ ಒಂದು ಅಲುಗಾಡಿದೆ.

ಜಪಾನಿನ ಕಿರಿನ್ ಕಂಪನಿ ಮ್ಯಾನ್ಮಾರ್ ಸೇನೆಯದೇ ಕಂಪನಿಯಾದ ಎಂಇಎಚ್‌ಎಲ್ ಜೊತೆ ಸೇರಿ ಬಿಯರ್ ತಯಾರಿಸುತ್ತಿತ್ತು. ದಂಗೆಯಾದ ನಾಲ್ಕೇ ದಿನಕ್ಕೆ ಆ ಪಾಲುದಾರಿಕೆ ಮುರಿಯುವುದಾಗಿ ಹೇಳಿತು, 2023ರಲ್ಲಿ ಪೂರ್ತಿ ಹೊರಬಂತು. ರೋಹಿಂಗ್ಯಾ ವಿಚಾರದಲ್ಲಿ ವರ್ಷಗಳಿಂದ ಅದರ ಮೇಲೆ ಒತ್ತಡ ಇತ್ತು. ಆ ನೆಲ ಹದವಾಗಿರದಿದ್ದರೆ ನಾಲ್ಕು ದಿನಕ್ಕೆ ಅಂಥ ತೀರ್ಮಾನ ಬರುತ್ತಿರಲಿಲ್ಲ. 2022ರ ಜುಲೈನಲ್ಲಿ ಸೇನೆ ನಾಲ್ವರು ಹೋರಾಟಗಾರರನ್ನು ನೇಣಿಗೆ ಹಾಕಿದ ಮೇಲೆ, ಮ್ಯಾನ್ಮಾರ್ ಸೇನಾ ಕೆಡೆಟ್‌ಗಳಿಗೆ ಕೊಡುತ್ತಿದ್ದ ತರಬೇತಿಗೆ ಹೊಸಬರನ್ನು ತೆಗೆದುಕೊಳ್ಳುವುದಿಲ್ಲ ಎಂದು ಜಪಾನ್ ಸರ್ಕಾರ ಹೇಳಿತು. ಫುಟ್‌ಬಾಲ್ ಗೋಲ್‌ಕೀಪರ್ ಪ್ಯೆ ಲ್ಯಾನ್ ಆಂಗ್ ಅವರ ಪ್ರಕರಣವೂ ಇದೇ ಸಾಲಿನದ್ದು. 2021ರ ಮೇನಲ್ಲಿ ಜಪಾನ್ ವಿರುದ್ಧದ ಪಂದ್ಯದಲ್ಲಿ ಅವರು ಮೂರು ಬೆರಳು ಎತ್ತಿದರು. ಊರಿಗೆ ಹೋದರೆ ಜೀವ ಉಳಿಯುವುದಿಲ್ಲ ಎಂದು ವಿಮಾನ ಹತ್ತಲಿಲ್ಲ. ಜಪಾನ್ ಬಹಳ ಕಡಿಮೆ ಜನರಿಗೆ ಆಶ್ರಯ ಕೊಡುವ ದೇಶ. ಆದರೂ ಆಗಸ್ಟ್‌ನಲ್ಲಿ ಅವರಿಗೆ ನಿರಾಶ್ರಿತರ ಸ್ಥಾನ ಸಿಕ್ಕಿತು.

ಇನ್ನು ಶಸ್ತ್ರಾಸ್ತ್ರದ ಹಣದ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ಮ್ಯಾನ್ಮಾರ್‌ನ ಮಾನವ ಹಕ್ಕುಗಳ ಸ್ಥಿತಿ ನೋಡಲು ವಿಶ್ವಸಂಸ್ಥೆ ನೇಮಿಸಿದ್ದ ವಿಶೇಷ ವರದಿಗಾರ ಟಾಮ್ ಆಂಡ್ರ್ಯೂಸ್ 2023ರ ಮೇನಲ್ಲಿ ಒಂದು ವರದಿ ಕೊಟ್ಟರು. ದಂಗೆಯ ನಂತರ ಸೇನೆಗೆ ಯಾವ ದೇಶದಿಂದ ಎಷ್ಟು ಸಾಮಗ್ರಿ ಹೋಯಿತು ಎಂಬ ಲೆಕ್ಕ ಅದು. ರಷ್ಯಾದಿಂದ 40.6 ಕೋಟಿ ಡಾಲರ್, ಚೀನಾದಿಂದ 26.7 ಕೋಟಿ, ಸಿಂಗಪುರದಲ್ಲಿ ನೋಂದಾಯಿತ ಕಂಪನಿಗಳಿಂದ 25.4 ಕೋಟಿ, ಭಾರತದಿಂದ 5.1 ಕೋಟಿ, ಥಾಯ್ಲೆಂಡ್‌ನಿಂದ 2.8 ಕೋಟಿ. ವರದಿ ಬಂದ ಮೇಲೆ ಸಿಂಗಪುರ ಸರ್ಕಾರ ತನಿಖೆಗೆ ಇಳಿಯಿತು. ಅಲ್ಲಿಂದ ಹೋಗುವ ಸಾಮಗ್ರಿ ಒಂದೇ ವರ್ಷದಲ್ಲಿ ಸುಮಾರು 11 ಕೋಟಿಯಿಂದ 1 ಕೋಟಿ ಡಾಲರ್ ಆಸುಪಾಸಿಗೆ ಕುಸಿಯಿತು.

ಆದರೆ ಅದೇ ಹೊತ್ತಿಗೆ ಥಾಯ್ಲೆಂಡ್ ಕಡೆಯ ವ್ಯವಹಾರ ಎರಡು ಪಟ್ಟು ಆಯಿತು ಎಂದು 2024ರ ಅವರ ಮುಂದಿನ ವರದಿ ಹೇಳಿತು. ಒಂದು ಬಾಗಿಲು ಮುಚ್ಚಿದಾಗ ಸೇನೆ ಇನ್ನೊಂದು ಬಾಗಿಲಿಗೆ ಹೋಯಿತು. ಹಾಗಂತ ಎಲ್ಲವೂ ವ್ಯರ್ಥ ಅಲ್ಲ. ಬ್ಯಾಂಕುಗಳ ಮೂಲಕ ಸೇನೆ ಮಾಡಿದ ಒಟ್ಟು ಖರೀದಿ 37.7 ಕೋಟಿಯಿಂದ 25.3 ಕೋಟಿ ಡಾಲರ್‌ಗೆ ಇಳಿಯಿತು. ಮೂರರಲ್ಲಿ ಒಂದು ಪಾಲು ಕಡಿಮೆ.

ಇದರಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಪ್ರತಿಭಟನೆಗೆ ಜಾಗ ಕೊಡದ ಸಿಂಗಪುರದಲ್ಲಿ ಹಣದ ದಾರಿ ಮುಚ್ಚಿತು. ಬೀದಿಯಲ್ಲಿ ಜಾಸ್ತಿ ಜನ ನಿಂತ ಥಾಯ್ಲೆಂಡ್‌ನಲ್ಲಿ ಹಣದ ದಾರಿ ಅಗಲವಾಯಿತು. ಥಾಯ್ ಯುವಕರ ಕೂಗು ರಾಯಭಾರ ಕಚೇರಿಯನ್ನು ತಲುಪಿತ್ತು. ಬ್ಯಾಂಕಿನ ಬಾಗಿಲನ್ನು ಮತ್ತು ತಮ್ಮದೇ ಇಂಧನ ಕಂಪನಿಯ ಬಾಗಿಲನ್ನು ಅಷ್ಟೇ ಜೋರಾಗಿ ತಲುಪಿರಲಿಲ್ಲ. 2022ರ ಜನವರಿಯಲ್ಲಿ ಟೋಟಲ್ ಮತ್ತು ಶೆವ್ರಾನ್ ತೈಲ ಕಂಪನಿಗಳು ಮ್ಯಾನ್ಮಾರ್‌ನ ಯಾದಾನಾ ಅನಿಲ ಯೋಜನೆಯಿಂದ ಹೊರಬರುವುದಾಗಿ ಹೇಳಿದವು. ಆ ಯೋಜನೆಯ ಜವಾಬ್ದಾರಿ ವಹಿಸಿಕೊಂಡಿದ್ದು ಥಾಯ್ಲೆಂಡ್‌ನ ಇಂಧನ ಕಂಪನಿ ಪಿಟಿಟಿಇಪಿ.

ಹಾಗಾಗಿ ಹೊರಗಿನವರು ಸೇರಬೇಕಾ ಎಂದರೆ, ಸೇರಬೇಕು. ಆದರೆ ಅವರ ನಿಜವಾದ ಜಾಗ ಮ್ಯಾನ್ಮಾರ್ ರಾಯಭಾರ ಕಚೇರಿಯ ಗೇಟಿಗಿಂತ ಹೆಚ್ಚಾಗಿ ತಮ್ಮದೇ ಸಂಸತ್ತಿನ, ತಮ್ಮದೇ ಬ್ಯಾಂಕಿನ ಗೇಟು. ಮ್ಯಾನ್ಮಾರ್ ಕಾರ್ಮಿಕನಿಗೆ ಥಾಯ್ ಸಂಸದನನ್ನು ಪ್ರಶ್ನಿಸುವ ಹಕ್ಕಿಲ್ಲ. ಥಾಯ್ ಮತದಾರನಿಗೆ ಇದೆ.

ಭಾರತ ಎಲ್ಲಿ ನಿಂತಿದೆ?

ಭಾರತಕ್ಕೂ ಮ್ಯಾನ್ಮಾರ್‌ಗೂ 1,643 ಕಿಲೋಮೀಟರ್ ಗಡಿ ಇದೆ. 2021ರ ಮಾರ್ಚ್‌ನಲ್ಲಿ ಗಡಿ ದಾಟಿ ಬರುವವರನ್ನು ತಡೆಯಿರಿ ಎಂದು ಕೇಂದ್ರ ಗೃಹ ಸಚಿವಾಲಯ ಈಶಾನ್ಯ ರಾಜ್ಯಗಳಿಗೆ ಬರೆಯಿತು. ಮಿಜೋರಾಂ ಒಪ್ಪಲಿಲ್ಲ. ಗಡಿಯಾಚೆಯ ಚಿನ್ ಜನ ಮತ್ತು ಮಿಜೋಗಳು ಒಂದೇ ಮೂಲದವರು. ಆಗಿನ ಮುಖ್ಯಮಂತ್ರಿ ಜೋರಾಂಥಂಗಾ ಪ್ರಧಾನಿಗೇ ಪತ್ರ ಬರೆದರು. ಚರ್ಚುಗಳು, ಯುವ ಸಂಘಗಳು ಅಕ್ಕಿ, ಬಟ್ಟೆ ಕೂಡಿಸಿದವು. 30 ಸಾವಿರಕ್ಕೂ ಹೆಚ್ಚು ಜನಕ್ಕೆ ಅಲ್ಲಿ ನೆಲೆ ಸಿಕ್ಕಿತು. ಐಜಾಲ್‌ನ ಪ್ರತಿಭಟನೆಯಲ್ಲಿ ಯಾರು ಹೊರಗಿನವರು, ಯಾರು ಒಳಗಿನವರು ಎಂದು ಬೇರೆ ಮಾಡುವುದೇ ಕಷ್ಟ.

ಕರ್ನಾಟಕಕ್ಕೂ ಈ ಕಥೆಯಲ್ಲಿ ಎರಡು ಎಳೆಗಳಿವೆ. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಬರ್ಮಾದ ಪ್ರಜಾಪ್ರಭುತ್ವ ಹೋರಾಟವನ್ನು ಕೊನೆವರೆಗೂ ಬೆಂಬಲಿಸಿದರು. ದೇಶಬಿಟ್ಟು ಬಂದ ಬರ್ಮಾ ವಿದ್ಯಾರ್ಥಿಗಳಿಗೆ ದೆಹಲಿಯ ಕೃಷ್ಣ ಮೆನನ್ ಮಾರ್ಗದ ತಮ್ಮ ಸರ್ಕಾರಿ ಮನೆಯ ಆವರಣದಲ್ಲೇ ಜಾಗ ಕೊಟ್ಟಿದ್ದರು. ರಕ್ಷಣಾ ಸಚಿವರಾದ ಮೇಲೂ ಅವರನ್ನು ಖಾಲಿ ಮಾಡಿಸಲಿಲ್ಲ. ಅದೇ ಹೊತ್ತಿಗೆ ಭಾರತ ಸರ್ಕಾರ ಸೇನಾಡಳಿತದ ಜೊತೆ ಮಾತುಕತೆ ಬೆಳೆಸುತ್ತಿತ್ತು.

ಎರಡನೇ ಎಳೆ ಇಷ್ಟು ಹಿತವಾದದ್ದಲ್ಲ. ಟಾಮ್ ಆಂಡ್ರ್ಯೂಸ್ ಅವರ 2023ರ ವರದಿಯಲ್ಲಿ ಭಾರತದಿಂದ ಹೋದ ಸಾಮಗ್ರಿಯ ಲೆಕ್ಕದಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ನಮ್ಮ ಬಿಇಎಲ್ ಹೆಸರಿದೆ. ಹಿಂದಿನ ನಾಗರಿಕ ಸರ್ಕಾರದ ಕಾಲದಲ್ಲಿ ಒಪ್ಪಿಕೊಂಡ ಬದ್ಧತೆಯ ಪ್ರಕಾರವೇ ಪೂರೈಕೆ ನಡೆದಿದೆ, ಗಡಿಯ ಭದ್ರತೆಯನ್ನೂ ಗಮನದಲ್ಲಿಟ್ಟುಕೊಳ್ಳಬೇಕು ಎಂಬುದು ಭಾರತದ ಉತ್ತರ. ಗಡಿಯಲ್ಲಿ ಬಂಡುಕೋರರ ಸಮಸ್ಯೆ, ಚೀನಾದ ಪ್ರಭಾವ, ಮ್ಯಾನ್ಮಾರ್ ಮೂಲಕ ಹಾದುಹೋಗುವ ಕಲಾದಾನ್ ಸಾರಿಗೆ ಯೋಜನೆ ಇವೆಲ್ಲ ಇರುವುದರಿಂದ ದೆಹಲಿಗೆ ಸೇನೆಯ ಜೊತೆ ಬಾಗಿಲು ಮುಚ್ಚಲು ಮನಸ್ಸಿಲ್ಲ. ಈ ಲೆಕ್ಕ ಅರ್ಥವಾಗುವಂಥದ್ದೇ. ಆದರೆ ಒಪ್ಪಂದ ಮಾಡಿಕೊಂಡ ಸರ್ಕಾರದ ನಾಯಕರನ್ನೇ ಜೈಲಿಗೆ ಹಾಕಿದವರಿಗೆ ಸಾಮಗ್ರಿ ಕೊಡುವುದು ಹಳೇ ಬದ್ಧತೆ ಹೇಗಾಗುತ್ತದೆ ಎಂಬ ಪ್ರಶ್ನೆಗೆ ಆ ಉತ್ತರದಲ್ಲಿ ಜಾಗವಿಲ್ಲ.

ಬಿಇಎಲ್ ಸರ್ಕಾರಿ ಕಂಪನಿ, ಷೇರು ಮಾರುಕಟ್ಟೆಯಲ್ಲೂ ಇದೆ. ಅದರ ಷೇರು ಇಟ್ಟುಕೊಂಡ ಸಾಮಾನ್ಯರು ವಾರ್ಷಿಕ ಸಭೆಯಲ್ಲಿ ಪ್ರಶ್ನೆ ಕೇಳಬಹುದು. ಕರ್ನಾಟಕದ 28 ಲೋಕಸಭಾ ಸದಸ್ಯರಲ್ಲಿ ಸಚಿವರಲ್ಲದ ಯಾರು ಬೇಕಾದರೂ ರಕ್ಷಣಾ ಸಚಿವಾಲಯದಿಂದ ಲಿಖಿತ ಉತ್ತರ ಕೇಳಬಹುದು: ಯಾವ ವರ್ಷ, ಯಾವ ಸಾಮಗ್ರಿ, ಯಾರ ಕೈಗೆ ಹೋಯಿತು, ಈಗಲೂ ಹೋಗುತ್ತಿದೆಯಾ? ಇದಕ್ಕೆ ಬ್ಯಾಂಕಾಕ್‌ಗೆ ಟಿಕೆಟ್ ಬೇಕಾಗಿಲ್ಲ, ವೀಸಾ ಹೋಗುವ ಭಯವೂ ಇಲ್ಲ.